ಇಪ್ಪತ್ತೈದರಲ್ಲೊಂದು ಅಳತೆಯ ಚಾರ್ಜರ್

ಪ್ಲಾಸ್ಟಿಕ್ ಮಾದರಿ ಕಾರಿನ ಪೆಟ್ಟಿಗೆಯ ಮೇಲೆ ಅಚ್ಚಾಗಿರುವ 1/25 ಎಂಬ ಅಂಕಿಯನ್ನು ಕೊಳ್ಳುವವರು ಗಾತ್ರದ ಸೂಚನೆಯಾಗಿ ಓದುತ್ತಾರೆ. ಕಟ್ಟುವವರಿಗೆ ಅದು ಕೆಲಸದ ಉದ್ದಕ್ಕೂ ಜೊತೆಗಿರುವ ಲೆಕ್ಕ. ಕಾರ್ಖಾನೆಯಿಂದ ಹೊರಬಂದ ನಿಜವಾದ ಕಾರಿನ ಮೈಮೇಲೆ ಬಣ್ಣದ ಪದರ ಸುಮಾರು 0.1 ಮಿಲಿಮೀಟರ್ ದಪ್ಪವಿರುತ್ತದೆ. ಅದನ್ನು ಇಪ್ಪತ್ತೈದರಿಂದ ಭಾಗಿಸಿದರೆ ಬರುವ 0.004 ಮಿಲಿಮೀಟರ್ ದಪ್ಪದಲ್ಲಿ ಪ್ರೈಮರ್, ಬಣ್ಣ, ಹೊಳಪಿನ ಲ್ಯಾಕರ್ ಮೂರನ್ನೂ ಅಡಗಿಸಲು ಯಾರಿಂದಲೂ ಸಾಧ್ಯವಿಲ್ಲ. ಹೀಗಾಗಿ ಮಾದರಿಯ ಮೇಲೆ ಹಾಕುವ ಪ್ರತಿಯೊಂದು ಕೋಟೂ ಅಳತೆಯ ಲೆಕ್ಕದಲ್ಲಿ ಆಗಲೇ ಹೆಚ್ಚಾಗಿರುತ್ತದೆ. ಬಾಗಿಲಿನ ಅಂಚಿನಲ್ಲಿ 0.2 ಮಿಲಿಮೀಟರ್ ಬಣ್ಣ ತುಂಬಿಕೊಂಡರೆ ಅದು ನಿಜವಾದ ಕಾರಿನಲ್ಲಿ 5 ಮಿಲಿಮೀಟರ್ ಬಣ್ಣ ನಿಂತಂತೆ. ನೋಡುವವರಿಗೆ ಕಾರಣ ತಿಳಿಯದಿದ್ದರೂ ಕಣ್ಣು ಮಾತ್ರ ಅದನ್ನು ಆಟಿಕೆ ಎಂದು ಗುರುತಿಸಿಬಿಡುತ್ತದೆ. ಕೊಡಗಿನ ನಾಪೋಕ್ಲು ಬಳಿಯ ನಮ್ಮ ತೋಟದ ಮನೆಯಲ್ಲಿ 1968ರ ಡಾಡ್ಜ್ ಚಾರ್ಜರ್ ಆರ್‌/ಟಿ ಕಾರಿನ ಮಾದರಿಯನ್ನು ಕಟ್ಟುತ್ತಿದ್ದಾಗ, ಆ ಗುರುತು ಸಿಗದಂತೆ ಮಾಡುವುದಕ್ಕಾಗಿಯೇ ನನ್ನ ಹೆಚ್ಚಿನ ಶ್ರಮ ಹೋಯಿತು.

ಚಾರ್ಜರ್ ಒಂದು ಮಸಲ್ ಕಾರ್. ಮಸಲ್ ಕಾರ್ ಎಂದರೆ ಅಮೆರಿಕದವರು ತಮ್ಮ ಮಧ್ಯಮ ಗಾತ್ರದ ಸಾಧಾರಣ ಕಾರಿಗೆ ದೊಡ್ಡ ಕಾರಿನ ವಿ-8 ಎಂಜಿನ್ ಕೂಡಿಸಿ, ಯುವಕರ ಕೈಗೆಟುಕುವ ಬೆಲೆಗೆ ಮಾರಿದ ವಾಹನ. 1964ರ ಪಾಂಟಿಯಾಕ್ ಜಿಟಿಒ ಈ ಪರಂಪರೆಯನ್ನು ಆರಂಭಿಸಿತು ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಮಧ್ಯಮ ಗಾತ್ರದ ಕಾರುಗಳಿಗೆ ದೊಡ್ಡ ಎಂಜಿನ್ ಹಾಕಬಾರದೆಂದು ಪಾಂಟಿಯಾಕ್‌ನ ಒಡೆತನ ಹೊಂದಿದ್ದ ಜನರಲ್ ಮೋಟಾರ್ಸ್ ಸಂಸ್ಥೆಯೊಳಗೇ ಇದ್ದ ಮಿತಿಯನ್ನು ದಾಟಲು, ಪಾಂಟಿಯಾಕ್ ವಿಭಾಗದ ಎಂಜಿನಿಯರ್ ಜಾನ್ ಡಿಲೋರಿಯನ್ ಮತ್ತು ಅವರ ಸಹೋದ್ಯೋಗಿಗಳು 389 ಘನ ಇಂಚಿನ ಎಂಜಿನ್ನನ್ನು ಟೆಂಪೆಸ್ಟ್ ಕಾರಿನ ಐಚ್ಛಿಕ ಸಲಕರಣೆಯ ಹೆಸರಿನಲ್ಲಿ ಹೊರತಂದರು. ಮುಂದಿನ ಆರೇಳು ವರ್ಷ ಡೆಟ್ರಾಯಿಟ್‌ನ ಎಲ್ಲ ಕಂಪನಿಗಳೂ ಇದೇ ಹಾದಿ ಹಿಡಿದವು. ವಿಮೆಯ ಕಂತುಗಳು ಏರಿದ್ದರಿಂದಲೂ, 1970ರ ಶುದ್ಧ ಗಾಳಿ ಕಾಯ್ದೆ ಮತ್ತು 1973ರ ತೈಲ ಬಿಕ್ಕಟ್ಟು ಒಂದರ ಹಿಂದೊಂದು ಬಂದಿದ್ದರಿಂದಲೂ ಆ ಯುಗ ಬೇಗನೆ ಮುಗಿಯಿತು. ಅದರ ನಟ್ಟನಡುವೆ, 1968ರ ಮಾದರಿ ವರ್ಷಕ್ಕೆ ಕ್ರೈಸ್ಲರ್ ಸಂಸ್ಥೆಯ ಡಾಡ್ಜ್ ವಿಭಾಗ ಹೊಸದಾಗಿ ರೂಪಿಸಿದ ಚಾರ್ಜರ್ ನನ್ನ ಮಟ್ಟಿಗೆ ಆ ಕಾಲದ ಅತ್ಯಂತ ಸುಂದರವಾದ ಕಾರು. ಅದರ ಹಿಂಬದಿಯ ಗಾಜು ಚಾವಣಿಯ ಎರಡು ಇಳಿಜಾರು ಕಂಬಗಳ ನಡುವೆ ಒಳಸರಿದು ಕುಳಿತಿದೆ. ದೀಪಗಳನ್ನು ಮರೆಮಾಚಿದ ಮುಂಭಾಗದ ಜಾಲರಿ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಎಲ್ಲಿಯೂ ತುಂಡಾಗದೆ ಸಾಗುತ್ತದೆ, ಹಿಂದೆ ಇಕ್ಕೆಲಗಳಲ್ಲಿ ಎರಡೆರಡು ದುಂಡನೆಯ ದೀಪಗಳಿವೆ. 1969ರಲ್ಲಿ ಜಾಲರಿಯನ್ನು ನಡುವೆ ಸೀಳಿ, ಹಿಂದಿನ ದೀಪಗಳನ್ನು ಉದ್ದವಾಗಿಸಿದರು. ಆ ರೂಪವನ್ನು ಮೆಚ್ಚುವವರು ಹೆಚ್ಚಿದ್ದರೂ ನನಗೆ ಮೊದಲಿನದೇ ಇಷ್ಟ. 208 ಇಂಚು ಉದ್ದದ ಆ ಕಾರು ಇಪ್ಪತ್ತೈದರಲ್ಲೊಂದು ಪಾಲಾದಾಗ ಸುಮಾರು 211 ಮಿಲಿಮೀಟರ್ ಆಗುತ್ತದೆ. ಎರಡು ಅಂಗೈಗಳನ್ನು ಜೋಡಿಸಿ ಹಿಡಿದರೆ ಅದರಲ್ಲಿ ಹಿಡಿಸುವ ಗಾತ್ರ.

ಕೊಡಗಿನಲ್ಲಿ ಈ ಕೆಲಸದ ಕ್ರಮವನ್ನು ಪೆಟ್ಟಿಗೆಯೊಳಗಿನ ಸೂಚನಾ ಪತ್ರಕ್ಕಿಂತ ಹೆಚ್ಚಾಗಿ ಮಳೆಯೇ ನಿರ್ಧರಿಸುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗೂ ಹೆಚ್ಚು ಮಳೆ ಬೀಳುತ್ತದೆ, ಭಾಗಮಂಡಲದ ಕಡೆಗೆ ಇನ್ನೂ ಹೆಚ್ಚು. ಜುಲೈ-ಆಗಸ್ಟ್ ಹೊತ್ತಿನ ಕಕ್ಕಡ ತಿಂಗಳಿನಲ್ಲಿ ನನ್ನ ಮೇಜಿನ ಮೇಲಿರುವ ತೇವಾಂಶ ಮಾಪಕ ಶೇಕಡಾ 90ರ ಕೆಳಗೆ ಇಳಿಯುವುದು ಅಪರೂಪ. ಲ್ಯಾಕರ್ ಬಣ್ಣದಲ್ಲಿರುವ ದ್ರಾವಕ ಬೇಗನೆ ಆವಿಯಾಗುತ್ತದೆ, ಆವಿಯಾಗುವಾಗ ಬಣ್ಣದ ಮೇಲ್ಮೈಯನ್ನು ತಂಪಾಗಿಸುತ್ತದೆ, ಆ ತಂಪಿಗೆ ಸುತ್ತಲಿನ ಗಾಳಿಯ ತೇವ ಸಾಂದ್ರಗೊಂಡು ಒದ್ದೆ ಬಣ್ಣದೊಳಗೇ ಸಿಕ್ಕಿಬೀಳುತ್ತದೆ. ಹೊಳಪಿರಬೇಕಾದ ಜಾಗದಲ್ಲಿ ಹಾಲಿನ ಪೊರೆಯಂತಹ ಬಿಳುಪು ಮೂಡುವುದು ಇದರಿಂದಲೇ. ಈ ಬಿಳುಪನ್ನು ಕಣ್ಣಾರೆ ಕಂಡು ಅರಿಯಬೇಕೆಂದು ನಾನು ಮಳೆಗಾಲದಲ್ಲಿ ಪ್ಲಾಸ್ಟಿಕ್ ಚಮಚಗಳ ಬೆನ್ನಿಗೆ ಗಾಢ ಹಸಿರು ಬಣ್ಣವನ್ನು ಸಿಂಪಡಿಸಿ ನೋಡಿದೆ. ನಿಧಾನವಾಗಿ ಒಣಗಿಸುವ ರಿಟಾರ್ಡರ್ ದ್ರವವನ್ನು ಬೆರೆಸಿದ ಚಮಚದಲ್ಲಿ ಬಿಳುಪು ಕಡಿಮೆಯಾಯಿತೇ ಹೊರತು ಇಲ್ಲವಾಗಲಿಲ್ಲ. ಇದಕ್ಕಾಗಿಯೇ ಬಾಡಿಯ ಬಣ್ಣವನ್ನು ಹುತ್ತರಿ ಕಳೆದ ಮೇಲಿನ ಒಣ ದಿನಗಳಿಗೆ ಮೀಸಲಿಟ್ಟು, ಮಳೆಗಾಲವನ್ನೆಲ್ಲ ಉಜ್ಜುವ, ಕೊರೆಯುವ, ಜೋಡಿಸುವ ಕೆಲಸಗಳಿಗೆ ಕೊಟ್ಟೆ.

ತೇವದ ಉಪದ್ರವ ಬಣ್ಣಕ್ಕಷ್ಟೇ ಸೀಮಿತವಲ್ಲ. ಸೂಪರ್ ಗ್ಲೂ ಎನ್ನುವ ಅಂಟು ಗಾಳಿಯ ತೇವದಿಂದಲೇ ಗಟ್ಟಿಯಾಗುವ ವಸ್ತುವಾದ್ದರಿಂದ ಇಲ್ಲಿ ಅದು ಭಾಗಗಳನ್ನು ಸರಿಯಾಗಿ ಕೂರಿಸುವ ಮೊದಲೇ ಹಿಡಿದುಕೊಳ್ಳುತ್ತದೆ, ಒಮ್ಮೆ ತೆರೆದ ಟ್ಯೂಬು ಬಹಳ ಕಾಲ ಬಾಳುವುದೂ ಇಲ್ಲ. ನೀರಿನಲ್ಲಿ ನೆನೆಸಿ ಅಂಟಿಸುವ ಡೆಕಾಲ್ ಹಾಳೆಯನ್ನು ಪೆಟ್ಟಿಗೆಯಲ್ಲೇ ಬಿಟ್ಟರೆ ಮೂಲೆಗಳಿಂದ ಬೂಷ್ಟು ಹತ್ತುತ್ತದೆ. ಪೆಟ್ಟಿಗೆ ತೆರೆದ ದಿನವೇ ಡೆಕಾಲ್ ಹಾಳೆಯನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಕಪಾಟಿನೊಳಗೆ ಇಟ್ಟುಬಿಡುವುದು ನನ್ನ ರೂಢಿ.

ಮೊದಲ ಕೆಲಸ ತೊಳೆಯುವುದು. ಅಚ್ಚಿನಿಂದ ಪ್ಲಾಸ್ಟಿಕ್ ಸಲೀಸಾಗಿ ಬಿಡಲೆಂದು ಹಚ್ಚಿದ ಎಣ್ಣೆಯ ಪಸೆ ಭಾಗಗಳ ಮೇಲೆ ಉಳಿದಿರುತ್ತದೆ, ಅದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸಾಬೂನು, ಹಳೆಯ ಹಲ್ಲುಜ್ಜುವ ಬ್ರಷ್ ಇಷ್ಟೇ ಸಾಕು. ತೊಳೆದ ಬಾಡಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿದರೆ ಅಚ್ಚಿನ ಎರಡು ಭಾಗಗಳು ಕೂಡಿದಲ್ಲಿ ಉಳಿದ ಸಣ್ಣ ಏಣು ಕಾಣುತ್ತದೆ. ಚಾರ್ಜರ್‌ನಲ್ಲಿ ಈ ಏಣು ಮುಂದಿನ ಮಡ್‌ಗಾರ್ಡ್‌ನ ನೆತ್ತಿಯ ಮೇಲೂ ಹಿಂದಿನ ಇಳಿಜಾರು ಕಂಬಗಳ ಅಂಚಿನ ಮೇಲೂ ಹಾಯುತ್ತದೆ, ಅಂದರೆ ಕಾರಿನ ಅಂದವೆಲ್ಲ ನೆಲೆಸಿರುವ ಜಾಗದಲ್ಲೇ. ಅದನ್ನು ಅಲಗಿನಿಂದ ಹೆರೆದು, 400ರ ಎಮರಿ ಕಾಗದದಿಂದ ಆರಂಭಿಸಿ 600, 1000 ಎಂದು ನಯಗೊಳಿಸುತ್ತಾ ಹೋಗಬೇಕು. ಎಮರಿ ಕಾಗದವನ್ನು ಬೆರಳಿಗೆ ಸುತ್ತಿ ಉಜ್ಜಿದರೆ ಬೆರಳಿನ ಮೆತ್ತನೆಯ ತುದಿ ತಗ್ಗುಗಳನ್ನು ಆಳ ಮಾಡುತ್ತದೆ. ಅದನ್ನು ಐಸ್‌ಕ್ರೀಮ್ ಕಡ್ಡಿಗೆ ಅಂಟಿಸಿಕೊಂಡು ಉಜ್ಜಿದರೆ ಸಮತಲ ಸಮತಲವಾಗಿಯೇ ಉಳಿಯುತ್ತದೆ.

ಆಮೇಲೆ ಬಾಗಿಲು, ಬಾನೆಟ್ಟು, ಡಿಕ್ಕಿಗಳ ಸುತ್ತಲಿನ ಗೀರುಗಳನ್ನು ಆಳ ಮಾಡಬೇಕು. ನಿಜವಾದ ಕಾರಿನಲ್ಲಿ ಆ ಸಂದು ಕತ್ತಲೆ ತುಂಬಿದ ಒಂದು ಬಿರುಕು. ಮಾದರಿಯಲ್ಲಿ ಅದು ಮೇಲುಮೇಲಿನ ಒಂದು ಗೆರೆ ಮಾತ್ರ, ಪ್ರೈಮರ್ ಮತ್ತು ಬಣ್ಣ ಬಿದ್ದೊಡನೆ ಮುಚ್ಚಿಹೋಗುತ್ತದೆ. ಚಾಕುವಿನ ಅಲಗಿನ ಬೆನ್ನನ್ನು ಗೀರಿನಲ್ಲಿಟ್ಟು ಸ್ವಲ್ಪವೂ ಒತ್ತದೆ, ಕೇವಲ ಚಾಕುವಿನ ಭಾರದಲ್ಲೇ ಎಳೆಯುತ್ತಾ ಹೋದರೆ ಪ್ಲಾಸ್ಟಿಕ್‌ನ ಕೂದಲೆಳೆಯಂತಹ ಸುರುಳಿ ಮೇಲೇಳುತ್ತದೆ. ನೇರವಾದ ಕಡೆಗಳಲ್ಲಿ ಇದು ಸಲೀಸು. ಬಾಗಿಲಿನ ಮೂಲೆ ತಿರುಗುವಲ್ಲಿ ಅಲಗು ತನ್ನ ದಾರಿಯನ್ನು ತಾನೇ ಹಿಡಿಯಲು ನೋಡುವುದರಿಂದ ಎರಡೂ ದಿಕ್ಕಿನಿಂದ ಮೂಲೆಯ ಕಡೆಗೆ ಎಳೆದು ಅಲ್ಲಿ ನಿಲ್ಲಿಸುವುದು ಕ್ಷೇಮ. ಮಳೆ ಹಿಡಿದ ಸಂಜೆಗಳಲ್ಲಿ ಕರೆಂಟು ಹೋದಾಗ ತಲೆಗೆ ಕಟ್ಟುವ ದೀಪದ ಬೆಳಕಿನಲ್ಲಿ ಈ ಕೆಲಸ ಮುಂದುವರಿಯಿತು. ಪಕ್ಕದಿಂದ ಬೀಳುವ ಆ ಒಂದೇ ಬೆಳಕು ಗೀರಿನ ಆಳವನ್ನು ಟ್ಯೂಬ್‌ಲೈಟಿಗಿಂತ ಸ್ಪಷ್ಟವಾಗಿ ತೋರಿಸುತ್ತದೆ ಎಂಬುದನ್ನು ಅಲ್ಲಿ ಕಂಡುಕೊಂಡೆ, ಈಗ ಕರೆಂಟು ಇದ್ದಾಗಲೂ ಹಾಗೆಯೇ ಮಾಡುತ್ತೇನೆ.

ಎಂಜಿನ್ ನನಗೆ ಅತ್ಯಂತ ಪ್ರೀತಿಯ ಭಾಗ. ಚಾರ್ಜರ್ ಆರ್‌/ಟಿಗೆ 440 ಘನ ಇಂಚಿನ, 375 ಅಶ್ವಶಕ್ತಿಯ ಮ್ಯಾಗ್ನಮ್ ಎಂಜಿನ್ ಸಹಜವಾಗಿಯೇ ಬರುತ್ತಿತ್ತು. ಹೆಚ್ಚು ಹಣ ತೆತ್ತವರಿಗೆ 426 ಘನ ಇಂಚಿನ, 425 ಅಶ್ವಶಕ್ತಿಯ ಹೆಮಿ ಸಿಗುತ್ತಿತ್ತು. ದಹನ ಕೋಣೆ ಅರ್ಧಗೋಳಾಕಾರದಲ್ಲಿರುವುದರಿಂದ ಬಂದ ಹೆಸರು ಅದು. 1964ರ ಡೇಟೋನಾ 500 ಸ್ಪರ್ಧೆಯಲ್ಲಿ ಇದೇ ಎಂಜಿನ್ ಹೊತ್ತ, ಕ್ರೈಸ್ಲರ್ ಸಂಸ್ಥೆಯದೇ ಆದ ಪ್ಲಿಮತ್ ಕಾರುಗಳು ಮೊದಲ ಮೂರು ಸ್ಥಾನಗಳನ್ನು ಪಡೆದವು, ರಿಚರ್ಡ್ ಪೆಟ್ಟಿ ಗೆದ್ದರು. ರಸ್ತೆಯ ಕಾರುಗಳಿಗೆ ಅದು ಬಂದದ್ದು 1966ರಲ್ಲಿ. ನಾನು ಕಟ್ಟಿದ್ದು ಹೆಮಿ. ಆ ದಹನ ಕೋಣೆಯ ಆಕಾರದಿಂದಾಗಿ ಕವಾಟಗಳು ಎರಡು ಬದಿಗೆ ವಾಲಿಕೊಂಡು ಸ್ಪಾರ್ಕ್ ಪ್ಲಗ್‌ಗಳು ನಡುವೆ ಬರುತ್ತವೆ, ಹಾಗಾಗಿ ಪ್ಲಗ್‌ಗಳ ತಂತಿಗಳು ಅಗಲವಾದ ಕವಾಟದ ಮುಚ್ಚಳದ ನಡುಭಾಗವನ್ನೇ ಹೊಕ್ಕು ಒಳಗೆ ಇಳಿಯುತ್ತವೆ. ಹೆಮಿಯನ್ನು ದೂರದಿಂದಲೇ ಗುರುತಿಸುವುದು ಈ ಲಕ್ಷಣದಿಂದ. ತಂತಿಗಳಿಲ್ಲದ ಹೆಮಿ ಮಾದರಿ ನನ್ನ ದೃಷ್ಟಿಯಲ್ಲಿ ಅಪೂರ್ಣ.

ಪೆಟ್ಟಿಗೆಯಲ್ಲಿ ತಂತಿಗಳು ಬರುವುದಿಲ್ಲ. ಆ ಕಾಲದ ಕಾರುಗಳ ಪ್ಲಗ್ ತಂತಿ 7 ಮಿಲಿಮೀಟರ್ ದಪ್ಪವಿರುತ್ತಿತ್ತು, ಇಪ್ಪತ್ತೈದರಲ್ಲೊಂದು ಪಾಲಾದರೆ 0.28 ಮಿಲಿಮೀಟರ್. ಹವ್ಯಾಸದ ಅಂಗಡಿಗಳಲ್ಲಿ ಇದಕ್ಕೆಂದೇ ಮಾರುವ ತಂತಿ ಇದೆ. ನನಗೆ ಅದರ ಅಗತ್ಯ ಬೀಳಲಿಲ್ಲ. ಗೋಣಿಕೊಪ್ಪಲಿನಲ್ಲಿ ಪಂಪ್‌ಸೆಟ್ ಮೋಟಾರುಗಳಿಗೆ ವೈಂಡಿಂಗ್ ಮಾಡುವ ಅಂಗಡಿಯಲ್ಲಿ ಎನಾಮಲ್ ಲೇಪಿಸಿದ ತಾಮ್ರದ ತಂತಿಯನ್ನು ಗೇಜಿನ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ, 32 ಗೇಜಿನ ತಂತಿಯ ದಪ್ಪ 0.27 ಮಿಲಿಮೀಟರ್. ಕಾಫಿಗೆ ಹೂಮಳೆ ಕೈಕೊಟ್ಟ ವರ್ಷ ತುಂತುರು ನೀರಾವರಿಗೆ ಓಡಿ ಓಡಿ ಸುಟ್ಟುಹೋದ ಮೋಟಾರುಗಳ ರಾಶಿಯ ನಡುವೆ ಕುಳಿತಿದ್ದ ಅಂಗಡಿಯವರು, ನಾನು ಕೇಳಿದ್ದು ಒಂದು ಮಾರು ಉದ್ದದ ತುಂಡಾದ್ದರಿಂದ ಹಣವನ್ನೇ ತೆಗೆದುಕೊಳ್ಳಲಿಲ್ಲ. ತಾಮ್ರದ ತಂತಿಯ ದೊಡ್ಡ ಗುಣವೆಂದರೆ ಬಗ್ಗಿಸಿದಂತೆ ನಿಲ್ಲುತ್ತದೆ. ಪ್ಲಾಸ್ಟಿಕ್ ಅಥವಾ ರಬ್ಬರ್ ಎಳೆ ತನ್ನ ಸುರುಳಿಗೆ ಮರಳಲು ಹವಣಿಸುತ್ತಲೇ ಇರುತ್ತದೆ.

ಕೈಯಿಂದ ತಿರುಗಿಸುವ ಪಿನ್ ವೈಸ್‌ಗೆ 0.3 ಮಿಲಿಮೀಟರ್ ಬೈರಿಗೆಯನ್ನು ಹಾಕಿ, ಪ್ಲಗ್‌ಗಳಿಗೆ ಸರದಿಯಂತೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳದ ಮೇಲೆ ಸುತ್ತಲೂ ಎಂಟು ಮತ್ತು ನಡುವೆ ಕಾಯಿಲ್ ತಂತಿಗಾಗಿ ಒಂದು ರಂಧ್ರ ಕೊರೆದೆ. ಮುಚ್ಚಳದ ಅಗಲ 4 ಮಿಲಿಮೀಟರ್ ಕೂಡ ಇಲ್ಲ. ಸೂಜಿಯ ಮೊನೆಯಿಂದ ಮೊದಲು ಚುಕ್ಕೆ ಒತ್ತಿಕೊಳ್ಳದೆ ಹೊರಟರೆ ಬೈರಿಗೆ ಜಾರುತ್ತದೆ. ಕ್ರೈಸ್ಲರ್‌ನ ದೊಡ್ಡ ಎಂಜಿನ್‌ಗಳಲ್ಲಿ ಡಿಸ್ಟ್ರಿಬ್ಯೂಟರ್ ಮುಂಭಾಗದಲ್ಲಿ ಬಲಕ್ಕೆ ವಾಲಿಕೊಂಡು ಕುಳಿತಿರುತ್ತದೆ, ಷೆವರ್ಲೆಯಂತೆ ಹಿಂದುಗಡೆಯಲ್ಲ. ಎಡಸಾಲಿನ ಸಿಲಿಂಡರುಗಳು ಮುಂದಿನಿಂದ 1, 3, 5, 7, ಬಲಸಾಲಿನವು 2, 4, 6, 8. ಕಿಡಿ ಹಾರುವ ಕ್ರಮ 1-8-4-3-6-5-7-2. ಮಾದರಿಯಲ್ಲಿ ಕಿಡಿ ಹಾರುವುದಿಲ್ಲ, ತಂತಿಗಳನ್ನು ಹೇಗೆ ಸಿಕ್ಕಿಸಿದರೂ ನಡೆಯುತ್ತದೆ ಎಂದು ಕೆಲವರು ವಾದಿಸುತ್ತಾರೆ. ನಾನು ಆ ಕ್ರಮವನ್ನು ಪಾಲಿಸಿದ್ದಕ್ಕೆ ಕಾರಣವಿದೆ: ಸರಿಯಾದ ಕ್ರಮದಲ್ಲಿ ಸಿಕ್ಕಿಸಿದಾಗ ತಂತಿಗಳು ಒಂದನ್ನೊಂದು ದಾಟುವ ಬಗೆ, ಎರಡು ಗುಂಪಾಗಿ ಬೇರೆಯಾಗುವ ಜಾಗ, ಬಾಗಿನ ಉದ್ದ ಎಲ್ಲವೂ ತಾವಾಗಿಯೇ ನಿಜದ ಎಂಜಿನ್‌ನಂತೆ ಆಗುತ್ತವೆ. ಮನಸ್ಸಿಗೆ ತೋಚಿದಂತೆ ಸಿಕ್ಕಿಸಿದಾಗ ಆ ಹೊಂದಿಕೆ ಬರುವುದಿಲ್ಲ. ಎಂಜಿನ್ ಬ್ಲಾಕಿಗೆ ಹೆಮಿಗೆ ಸಲ್ಲುವ ಕಿತ್ತಳೆ ಬಣ್ಣ, ಕವಾಟದ ಮುಚ್ಚಳಗಳಿಗೆ ಸುಕ್ಕುಸುಕ್ಕಾದ ಕಪ್ಪು. ಆ ಸುಕ್ಕನ್ನು ಅಳತೆಗೆ ತಕ್ಕಷ್ಟು ಸಣ್ಣದಾಗಿ ಮೂಡಿಸಲು ಮಂದ ಕಪ್ಪನ್ನು ತುಸು ದೂರದಿಂದ, ಗಾಳಿಯಲ್ಲೇ ಅರೆ ಒಣಗುವಂತೆ ಸಿಂಪಡಿಸಿದೆ. ಇದೊಂದಕ್ಕೆ ಮಾತ್ರ ಒರಟುತನ ಬೇಕಾಗಿದ್ದರಿಂದ ಮಳೆಗಾಲದಲ್ಲಿಯೂ ಮಾಡಲು ಅಡ್ಡಿಯಾಗಲಿಲ್ಲ. ಹೀಟರ್‌ನ ರಬ್ಬರ್ ಕೊಳವೆಗಳಿಗೆ ರೇಡಿಯೋ ರಿಪೇರಿಯವರು ಬಳಸುವ ಬೆಸುಗೆಯ ಸೀಸದ ತಂತಿ ಸರಿಹೊಂದಿತು.

ಸೆಪ್ಟೆಂಬರ್ ಮೊದಲ ವಾರದ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಎಂಜಿನ್ ಮುಗಿದಿತ್ತು. ಆ ದಿನ ನಮ್ಮ ಮನೆಯಲ್ಲಿ ಕೋವಿ, ಕತ್ತಿಗಳ ಜೊತೆಗೆ ತೋಟದ ಸಲಕರಣೆಗಳನ್ನೂ ಜೀಪನ್ನೂ ತೊಳೆದು ಪೂಜೆಗೆ ಇಡುತ್ತಾರೆ. ನನ್ನ ಚಾಕು, ಪಿನ್ ವೈಸ್, ಏರ್‌ಬ್ರಷ್‌ಗಳೂ ತೋಕ್‌ಪೂ ಎಂಬ ಹೂವಿನ ಜೊತೆ ಅಲ್ಲಿಯೇ ಕುಳಿತವು. ಪೂಜೆ ಮುಗಿಯುವವರೆಗೆ ಆಯುಧಗಳನ್ನು ಮುಟ್ಟುವಂತಿಲ್ಲ, ಕೆಲಸಕ್ಕೂ ಬಿಡುವು.

ಕಾರಿನ ತಳಭಾಗವನ್ನು ಯಾರೂ ತಿರುಗಿಸಿ ನೋಡುವುದಿಲ್ಲವೆಂದು ಕಪ್ಪು ಬಳಿದು ಬಿಡುವವರೇ ಹೆಚ್ಚು. ಕ್ರೈಸ್ಲರ್ ಕಾರುಗಳಲ್ಲಿ ತಳಭಾಗಕ್ಕೆ ಪ್ರೈಮರ್ ಮಾತ್ರ ಇರುತ್ತಿತ್ತು, ಬಾಡಿಗೆ ಬಣ್ಣ ಸಿಂಪಡಿಸುವಾಗ ಬದಿಗಳಿಂದ ಒಳಕ್ಕೆ ಹಾರಿದ ಬಣ್ಣ ಅಂಚುಗಳ ಉದ್ದಕ್ಕೂ ಮಸುಕಾಗಿ ಉಳಿಯುತ್ತಿತ್ತು. ಅದನ್ನು ಮೂಡಿಸಲು ಬೂದು ಪ್ರೈಮರ್ ಹಾಕಿದ ತಳವನ್ನು ನೆಟ್ಟಗೆ ನಿಲ್ಲಿಸಿ, ಅಂಚಿನಿಂದ ಒಳಮುಖವಾಗಿ ಏರ್‌ಬ್ರಷ್ ಹಿಡಿದು ಹಸಿರನ್ನು ತೆಳುವಾಗಿ ಹಾರಿಸಿದರೆ ಸಾಕು, ಕಾರ್ಖಾನೆಯಲ್ಲಿ ಆದದ್ದೇ ಇಲ್ಲಿಯೂ ಆಗುತ್ತದೆ. ಎಂಜಿನ್ ಕೂರುವ ಗೂಡಿನ ಒಳಮೈಗೂ ಕ್ರೈಸ್ಲರ್‌ನವರು ಬಾಡಿಯ ಬಣ್ಣವನ್ನೇ ಹಾಕುತ್ತಿದ್ದರು. ಆಯಿಲ್ ಎಲ್ಲಿಂದ ಜಿನುಗಿ ಎತ್ತ ಹರಿಯುತ್ತದೆ, ಧೂಳು ಯಾವ ಬೋಲ್ಟಿನ ಸುತ್ತ ಕಟ್ಟಿಕೊಳ್ಳುತ್ತದೆ ಎಂಬುದಕ್ಕೆ ನಮ್ಮ ತೋಟದ ಹಳೆಯ ಜೀಪಿನ ಕೆಳಗೆ ಟಾರ್ಚ್ ಹಿಡಿದು ಮಲಗಿ ನೋಡಿದ್ದು ಉಪಯೋಗಕ್ಕೆ ಬಂತು. ಜೀಪಿಗೆ ಮೆತ್ತಿರುವ ಕೆಂಪು ಮಣ್ಣು ಮಾತ್ರ ಈ ಕಾರಿಗೆ ಸಲ್ಲದು. ನಾನು ತೋರಿಸಬೇಕೆಂದಿದ್ದದ್ದು ಮಾರಾಟಗಾರರ ಅಂಗಳದಲ್ಲಿ ಕೆಲವೇ ತಿಂಗಳು ಕಳೆದ ಕಾರನ್ನು, ಆದ್ದರಿಂದ ಗೇರ್‌ಬಾಕ್ಸ್‌ನ ಸಂದಿಯಲ್ಲಿ ಕಂದು ಎಣ್ಣೆಬಣ್ಣದ ತೆಳು ನೀರನ್ನು ಬಿಟ್ಟು ಅಷ್ಟಕ್ಕೇ ನಿಲ್ಲಿಸಿದೆ.

ಒಳಾಂಗಣ ಬೇಗ ಮುಗಿಯಿತು. ಕಪ್ಪು ಆಸನಗಳಿಗೆ ರೇಷ್ಮೆಯಷ್ಟೇ ಹೊಳಪಿನ ಲೇಪ, ನೆಲಕ್ಕೆ ಮಂದ ಕಪ್ಪು, 2 ಮಿಲಿಮೀಟರ್ ಅಗಲಕ್ಕೆ ಕತ್ತರಿಸಿದ ಮಾಸ್ಕಿಂಗ್ ಟೇಪಿನ ಸೀಟ್ ಬೆಲ್ಟ್, ಮೀಟರುಗಳ ಗಾಜಿಗಾಗಿ ಪ್ರತಿಯೊಂದರ ಮೇಲೆ ಒಂದೊಂದು ಹನಿ ಪಾರದರ್ಶಕ ಲ್ಯಾಕರ್.

ಹುತ್ತರಿ ಕಳೆದು ಕದಿರು ಮನೆಗೆ ಬಂದ ಮೇಲೆ ಆಕಾಶ ತಿಳಿಯಾಯಿತು. ಆದರೂ ಬೆಳಗಿನ ಹೊತ್ತು ಮಂಜು ಕವಿದಿರುತ್ತದೆ, ಮಾಪಕ ಶೇಕಡಾ 60ಕ್ಕೆ ಇಳಿಯುವುದು ಹನ್ನೊಂದು ಗಂಟೆ ದಾಟಿದ ಮೇಲೆ. ಅಷ್ಟು ಹೊತ್ತಿಗೆ ಕಣದಲ್ಲಿ ಕಾಫಿ ಹರಡುವ, ತಿರುವುವ ಕೆಲಸ ಜೋರಾಗಿ ಧೂಳು ಏಳುತ್ತದೆ. ಈ ಎರಡರ ನಡುವೆ ಸಿಕ್ಕುವ ಹೊತ್ತನ್ನು ಹಿಡಿಯಲು ಕಣಕ್ಕೆ ಬೆನ್ನು ಮಾಡಿರುವ ಕೋಣೆಯೊಂದನ್ನು ಆರಿಸಿ, ಹಿಂದಿನ ದಿನವೇ ನೆಲ ಒರೆಸಿ ಒಣಗಲು ಬಿಟ್ಟು, ಗೋಡೆಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಹೊಗೆಯನ್ನು ಹೊರಗೆಳೆಯುವ ಫ್ಯಾನ್ ಕೂರಿಸಿದೆ. ಲ್ಯಾಕರ್ ತಿನ್ನರ್‌ನ ಆವಿ ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಇದ್ದಿಲಿನ ಸೋಸುಕವಿರುವ ಮುಖಗವಸು ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು, ಬಟ್ಟೆಯ ಮಾಸ್ಕು ಸಾಲದು. ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಅದರೊಳಗಿನ ತೇವ ನೀರಾಗಿ ಕೊಳವೆಯಲ್ಲಿ ಸೇರುತ್ತದೆ, ಆ ನೀರಿನ ಒಂದು ಹನಿ ಬಾನೆಟ್ಟಿನ ಮೇಲೆ ಉಗುಳಿದರೆ ಅಷ್ಟರವರೆಗಿನ ಕೆಲಸ ವ್ಯರ್ಥ. ಆದ್ದರಿಂದ ನೀರು ಹಿಡಿಯುವ ಬಟ್ಟಲನ್ನು ಕಂಪ್ರೆಸರಿನ ಬಳಿ ಒಂದು, ಏರ್‌ಬ್ರಷ್‌ನ ಹಿಡಿಯ ಬಳಿ ಇನ್ನೊಂದು ಹಾಕಿಕೊಂಡಿದ್ದೆ.

ಬಣ್ಣವಾಗಿ ಆರಿಸಿದ್ದು ಗಾಢ ಹಸಿರಿನ ಮೆಟಾಲಿಕ್. ಮೆಟಾಲಿಕ್ ಬಣ್ಣದಲ್ಲಿಯೂ ಇಪ್ಪತ್ತೈದರ ಲೆಕ್ಕ ಬೆನ್ನು ಬಿಡುವುದಿಲ್ಲ. ನಿಜವಾದ ಕಾರಿಗೆ ಹಚ್ಚುವ ಟಚ್‌ಅಪ್ ಬಣ್ಣದ ಲೋಹದ ಚೂರುಗಳು ಮಾದರಿಯ ಮೇಲೆ ಇಪ್ಪತ್ತೈದು ಪಟ್ಟು ದೊಡ್ಡದಾಗಿ, ಜರಿ ಚೆಲ್ಲಿದಂತೆ ಕಾಣುತ್ತವೆ. ಮಾದರಿಗಳಿಗೆಂದೇ ಅರೆದ, ಕಣ್ಣಿಗೆ ಬೇರೆ ಬೇರೆಯಾಗಿ ಕಾಣದಷ್ಟು ಸಣ್ಣ ಚೂರುಗಳಿರುವ ಬಣ್ಣವೇ ಬೇಕು. ಮೆಟಾಲಿಕ್ ಹಸಿರಿನ ಕೆಳಗೆ ಕಪ್ಪು ಪ್ರೈಮರ್ ಇದ್ದರೆ ಹಸಿರು ಆಳವಾಗುತ್ತದೆ, ಬೂದು ಇದ್ದರೆ ತಿಳಿಯಾಗುತ್ತದೆ; ಚಮಚಗಳ ಮೇಲೆ ಎರಡನ್ನೂ ನೋಡಿ ಬೂದನ್ನು ಉಳಿಸಿಕೊಂಡೆ. 0.3 ಮಿಲಿಮೀಟರ್ ಮೂತಿ, 18 ಪಿಎಸ್‌ಐ ಒತ್ತಡ, ಬಣ್ಣಕ್ಕೆ ಎರಡು ಪಾಲು ತಿನ್ನರ್. ಮೊದಲ ಕೋಟು ಪ್ರೈಮರ್ ಕಾಣುವಷ್ಟು ತೆಳುವಾದ ಇಬ್ಬನಿಯಂತಿರಬೇಕು. ಅದು ಕೈಗೆ ಅಂಟದಷ್ಟು ಒಣಗಿದ ಮೇಲೆ ಎರಡನೆಯದು, ಅನಂತರ ಮೂರನೆಯದು. ಬಣ್ಣ ಎಲ್ಲೆಡೆ ಸಮವಾಗಿ ಮುಚ್ಚಿದೊಡನೆ ಕೈ ತಡೆಯಬೇಕು. ಇನ್ನೊಂದು ಕೋಟಿನಿಂದ ಇನ್ನಷ್ಟು ಚೆಲುವಾಗುತ್ತದೆಂಬ ಆಸೆಯೇ ಬಾಗಿಲಿನ ಗೀರುಗಳನ್ನು ತುಂಬಿಸುವುದು. ಇಳಿಜಾರು ಕಂಬಗಳು ಬಾಡಿಯನ್ನು ಸೇರುವ ಒಳಗಿನ ಮೂಲೆಗಳಿಗೆ ಮೊದಲೇ ಬಣ್ಣ ತಲುಪಿಸಿಕೊಂಡು ಆಮೇಲೆ ಅಗಲವಾದ ಭಾಗಗಳಿಗೆ ಬಂದರೆ ಮೂಲೆಗಳಲ್ಲಿ ಬಣ್ಣ ಮಡುಗಟ್ಟುವುದಿಲ್ಲ.

ಬಣ್ಣ ಒಣಗಿದ ಬಳಿಕ ಆರ್‌/ಟಿಯ ಗುರುತಾದ, ಹಿಂಭಾಗವನ್ನು ಸುತ್ತುವರಿಯುವ ಜೋಡಿ ಪಟ್ಟೆಯ ಸರದಿ. ಇದನ್ನು ಬಂಬಲ್‌ಬೀ ಪಟ್ಟೆ ಎನ್ನುತ್ತಾರೆ. ಬಿಳಿಯ ಪಟ್ಟೆಗಳು ಒಂದು ಬದಿಯ ಮಡ್‌ಗಾರ್ಡನ್ನು ಏರಿ, ಡಿಕ್ಕಿಯ ಮೇಲೆ ಹಾದು, ಇನ್ನೊಂದು ಬದಿಗೆ ಇಳಿಯುತ್ತವೆ. ಡೆಕಾಲನ್ನು ಒಂದೇ ತುಂಡಾಗಿ ಎಳೆಯದೆ ಡಿಕ್ಕಿಯ ಗೀರುಗಳಲ್ಲಿ ಕತ್ತರಿಸಿ ಮೂರು ತುಂಡು ಮಾಡಿ, ಮೊದಲು ನಡುವಿನದನ್ನು ಕೂರಿಸಿ ಅದರ ಅಂಚಿಗೆ ಪಕ್ಕದವನ್ನು ಹೊಂದಿಸಿದೆ. ಮೈಕ್ರೋ ಸಾಲ್ ದ್ರವವನ್ನು ಹಚ್ಚಿದೊಡನೆ ಡೆಕಾಲ್ ಮೆತ್ತಗಾಗಿ ಸುಕ್ಕುಗಟ್ಟುತ್ತದೆ. ನೋಡಿದವರಿಗೆ ಎದೆ ಝಲ್ಲೆನ್ನುವ ಆ ಹೊತ್ತಿನಲ್ಲಿ ಅದನ್ನು ಮುಟ್ಟದೆ ಬಿಟ್ಟರೆ, ಒಣಗುತ್ತಾ ತಾನೇ ಬಿಗಿದುಕೊಂಡು ಬಾಡಿಯ ಬಾಗಿಗೂ ಗೀರಿನ ಆಳಕ್ಕೂ ಅಂಟಿಕೊಳ್ಳುತ್ತದೆ. ಅದರ ಮೇಲೆ ಪಾರದರ್ಶಕ ಲ್ಯಾಕರ್, ವಾರಗಟ್ಟಲೆ ಒಣಗಲು ಬಿಡುವುದು, ಆಮೇಲೆ 2000ರ ಕಾಗದದಿಂದ ಆರಂಭಿಸಿ ನೀರು ಹಾಕಿ ಉಜ್ಜಿ ಕಾಂಪೌಂಡಿನಿಂದ ಹೊಳಪು ತರುವುದು. ಏಣಿನ ಮೇಲೆ ಉಜ್ಜಿದರೆ ಕ್ಷಣದಲ್ಲಿ ಪ್ರೈಮರ್ ಕಾಣಿಸಿಕೊಳ್ಳುತ್ತದೆ, ಅಲ್ಲೆಲ್ಲ ಸಣ್ಣ ಟೇಪು ಅಂಟಿಸಿಕೊಂಡು ಸಮತಲಗಳನ್ನಷ್ಟೇ ಉಜ್ಜಿದೆ.

ಗಾಜಿನ ಸುತ್ತಲಿನ ಕ್ರೋಮ್ ಪಟ್ಟಿಗಳಿಗೆ ಬಣ್ಣಕ್ಕಿಂತ ಬೇರ್ ಮೆಟಲ್ ಫಾಯಿಲ್ ಮೇಲು. ಇದು ಹಿಂದೆ ಅಂಟಿರುವ ಅತಿ ತೆಳುವಾದ ಲೋಹದ ಹಾಳೆ. ಬೇಕಾದದ್ದಕ್ಕಿಂತ ಸ್ವಲ್ಪ ಅಗಲದ ಪಟ್ಟಿಯನ್ನು ಕತ್ತರಿಸಿ, ಚಿಮಟದಿಂದ ಎತ್ತಿ, ಮುಂಗಾಜಿನ ಚೌಕಟ್ಟಿನ ಮೇಲೆ ಮೆಲ್ಲನೆ ಇಳಿಸಿ, ಹತ್ತಿ ಕಡ್ಡಿಯಿಂದ ಒತ್ತುತ್ತಾ ಹೋದಾಗ ಪ್ಲಾಸ್ಟಿಕ್‌ನಲ್ಲಿ ಮೂಡಿರುವ ಪಟ್ಟಿಯ ಎರಡು ಅಂಚುಗಳೂ ಫಾಯಿಲ್‌ನ ಮೇಲೆ ಎರಡು ಸಣ್ಣ ನೆರಳುಗಳಾಗಿ ತೋರುತ್ತವೆ. ಆ ನೆರಳಿನ ಉದ್ದಕ್ಕೂ ಹೊಚ್ಚ ಹೊಸ ಅಲಗನ್ನು ಬಣ್ಣ ಗಾಯವಾಗದಷ್ಟು ಹಗುರಾಗಿ ಎಳೆದು, ಹೊರಗಿನ ಹೆಚ್ಚುವರಿಯನ್ನು ಮೂಲೆಯಿಂದ ಸುಲಿದರೆ ಹಸಿರಿನ ಮೇಲೆ ಕೂದಲಿನಷ್ಟು ನೇರವಾದ ಲೋಹದ ಗೆರೆ ಉಳಿಯುತ್ತದೆ. ಅಲಗು ತುಸು ಮೊಂಡಾಗಿದ್ದರೂ ಫಾಯಿಲ್ ಹರಿಯುತ್ತದೆ, ಪ್ರತಿ ಗಾಜಿಗೆ ಹೊಸ ಅಲಗು ಹಾಕುವುದರಲ್ಲಿ ಜಿಪುಣತನ ಸಲ್ಲದು. ಪೆಟ್ಟಿಗೆಯಲ್ಲಿ ಬರುವ ಬಂಪರ್ ಮುಂತಾದ ಕ್ರೋಮ್ ಭಾಗಗಳು ಅಳತೆಗೆ ಮೀರಿ ಮಿನುಗುತ್ತವೆ. ಅವುಗಳ ಮೇಲೆ ಅರೆಹೊಳಪಿನ ಪಾರದರ್ಶಕವನ್ನು ಒಂದೇ ಒಂದು ತೆಳು ಕೋಟು ಹಾಕಿದರೆ ಲೋಹದ ತೂಕ ಬರುತ್ತದೆ. ಚೌಕಟ್ಟಿಗೆ ಅಂಟುವ ಜಾಗದಲ್ಲಿ ಮಾತ್ರ ಕ್ರೋಮ್ ಹೆರೆದುಬಿಡಬೇಕು, ಇಲ್ಲದಿದ್ದರೆ ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ದ್ರವ ಸಿಮೆಂಟ್ ಅಲ್ಲಿ ಕೆಲಸ ಮಾಡುವುದಿಲ್ಲ.

ಮುಂದಿನ ಜಾಲರಿಗೆ ಮಂದ ಕಪ್ಪು. ಅಮೆರಿಕದಲ್ಲಿ 1968ರಿಂದ ಕಡ್ಡಾಯವಾದ ಬದಿಯ ದೀಪಗಳು ಆ ವರ್ಷದ ಚಾರ್ಜರ್‌ನಲ್ಲಿ ಮಾತ್ರ ದುಂಡಗಿವೆ. ಅವುಗಳ ಅಡಿಗೆ ಫಾಯಿಲ್‌ನ ಚುಕ್ಕೆ ಇಟ್ಟು ಮುಂದಿನವಕ್ಕೆ ಪಾರದರ್ಶಕ ಕಿತ್ತಳೆಯನ್ನೂ ಹಿಂದಿನವಕ್ಕೆ ಪಾರದರ್ಶಕ ಕೆಂಪನ್ನೂ ಹನಿಸಿದಾಗ ಕಿಟಕಿಯ ಬೆಳಕಿಗೆ ಒಳಗಿನಿಂದ ಹೊಳೆಯುವಂತಾದವು. ಎಡಬದಿಯ ಹಿಂದಿನ ಮಡ್‌ಗಾರ್ಡಿನ ಮೇಲಿರುವ, ರೇಸ್ ಕಾರಿನ ಮಾದರಿಯ ಪೆಟ್ರೋಲ್ ಮುಚ್ಚಳ ಬಾಡಿಯೊಂದಿಗೇ ಅಚ್ಚಾಗಿ ಬಂದಿತ್ತು. ಅದಕ್ಕೂ ಫಾಯಿಲ್ ಹಾಕಿ, ಅಂಚಿನ ಸುತ್ತ ಬೂದುಗಪ್ಪು ತೆಳುಬಣ್ಣವನ್ನು ಹರಿಸಿದೆ. ಬಾಗಿಲ ಗೀರುಗಳಿಗೂ ಅದೇ ಬೂದುಗಪ್ಪು. ಅಚ್ಚ ಕಪ್ಪು ಹಾಕಿದರೆ ಪೆನ್ನಿನಿಂದ ಗೆರೆ ಎಳೆದಂತೆ ಕಾಣುತ್ತದೆ. ಗಾಜುಗಳನ್ನು ಬಿಳಿಯ ಮರದ ಅಂಟಿನಿಂದಲೇ ಕೂರಿಸಿದೆ, ಏಕೆಂದರೆ ಸೂಪರ್ ಗ್ಲೂ ಗಟ್ಟಿಯಾಗುವಾಗ ಬಿಡುವ ಆವಿ ಪಾರದರ್ಶಕ ಪ್ಲಾಸ್ಟಿಕ್‌ನ ಮೇಲೆ ಬೆಳ್ಳಗೆ ಕೂರುತ್ತದೆ, ಒಳಗಡೆ ಕೂತರೆ ತೆಗೆಯಲು ದಾರಿಯಿಲ್ಲ. ಕೆಂಪು ಗೆರೆಯ ಟೈರುಗಳ ನೆಲಕ್ಕೆ ತಾಗುವ ಭಾಗವನ್ನು ಮಾತ್ರ ಎಮರಿ ಕಾಗದದಲ್ಲಿ ಉಜ್ಜಿ ಹೊಳಪು ತೆಗೆದೆ.

ಮೃದು ವಿನೈಲ್ ಟೈರುಗಳಲ್ಲಿ ಇರುವ ಮೆದುಕಾರಕ ಎಣ್ಣೆ ಕಾಲಕ್ರಮೇಣ ಹೊರಬಂದು, ತಾಗಿಕೊಂಡಿರುವ ಪಾಲಿಸ್ಟೈರೀನ್ ಪ್ಲಾಸ್ಟಿಕ್ಕನ್ನು ಕರಗಿಸುವ ಗುಣವುಳ್ಳದ್ದು. ಹಳೆಯ ಪೆಟ್ಟಿಗೆಗಳಲ್ಲಿ ಟೈರು ಒರಗಿದ್ದ ಗಾಜುಗಳ ಮೇಲೆ ಟೈರಿನ ಅಚ್ಚು ಕೊರೆದಿರುವುದನ್ನು ನಾನು ಕಂಡಿದ್ದೇನೆ. ಆದ್ದರಿಂದ ಚಕ್ರದ ರಿಮ್ಮಿಗೂ ಟೈರಿಗೂ ನಡುವೆ ಫಾಯಿಲ್‌ನ ಸುತ್ತು ಹಾಕಿದ್ದೇನೆ, ಕಾರು ನಿಂತಿರುವ ಅಕ್ರಿಲಿಕ್ ಪೆಟ್ಟಿಗೆಯ ತಳದಲ್ಲಿ ಪ್ರತಿ ಟೈರಿನ ಕೆಳಗೆ ಅಲ್ಯುಮಿನಿಯಂ ಹಾಳೆಯ ಸಣ್ಣ ಚೌಕವೊಂದನ್ನು ಇಟ್ಟಿದ್ದೇನೆ. ಪೆಟ್ಟಿಗೆಯೊಳಗೆ ಮರೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣವಿದೆ. ಅದರ ಹರಳುಗಳ ಬಣ್ಣ ಬದಲಾದಾಗ ತೆಗೆದು ಓವನ್‌ನಲ್ಲಿ ಬಿಸಿಮಾಡಿ ಮತ್ತೆ ಇಡಬೇಕು, ಮಳೆಗಾಲದಲ್ಲಿ ಅದನ್ನು ಮೇಲಿಂದ ಮೇಲೆ ನೋಡುತ್ತಿರಬೇಕಾಗುತ್ತದೆ. ಕಪಾಟಿನ ಮೇಲಿನ ಹಲಗೆಯಲ್ಲಿ 1964ರ ಜಿಟಿಒ ಪೆಟ್ಟಿಗೆ ಕಾಯುತ್ತಿದೆ. ಅದರ ಡೆಕಾಲ್ ಹಾಳೆ ಆಗಲೇ ಡಬ್ಬಿ ಸೇರಿದೆ, 32 ಗೇಜಿನ ತಂತಿಯೂ ಬೇಕಾದಷ್ಟು ಉಳಿದಿದೆ.